ಕಡಿಮಿ ಆಗ್ಯಾದ ಅನ್ನಬಾರದು

ದೇವದುರ್ಗದ ಬಸ್ ನಿಲ್ದಾಣದಲ್ಲಿ ಮೂರು ತಿಂಗಳು ಮೈಕಿನ ಮುಂದೆ ಕೂತು ನಾನು ಕೂಗಿದ್ದನ್ನೆಲ್ಲ ಸೇರಿಸಿದರೆ ಆಗುವುದು ಒಂದೇ ಮಾತು: ನಿಮ್ಮ ಬಸ್ಸು ಹೊರಟಿದೆ, ನೀವು ಹೋಗಿ, ನಾನು ಇಲ್ಲೇ ಇರುತ್ತೇನೆ. ರಾಯಚೂರಿನ ಬಸ್ಸು, ಮಾನ್ವಿಯ ಬಸ್ಸು, ಶಹಾಪುರದ ಬಸ್ಸು. ಹದಿನಾರು ವರ್ಷ ಕಂಡಕ್ಟರ್ ಆಗಿ ತಿರುಗಿದವಳನ್ನು ಕಂಟ್ರೋಲರ್ ಕೊಠಡಿಯ ಕುರ್ಚಿಗೆ ಕಟ್ಟಿಹಾಕಿದ್ದು ನನ್ನ ಟೊಂಕ. ಅದಕ್ಕೆ ಲೈಟ್ ಡ್ಯೂಟಿ ಅಂತ ಹೆಸರು. ಹಗುರ ಅನ್ನುವವರು ಒಂದು ದಿನ ಬಂದು ಆ ಕುರ್ಚಿಯ ಮೇಲೆ ಕೂತು ನೋಡಲಿ.

ಲೈಟ್ ಡ್ಯೂಟಿಗೂ ಒಂದು ಗಡುವು ಇತ್ತು. ಮೂರು ತಿಂಗಳಲ್ಲಿ ಟೊಂಕ ಸರಿಹೋಗಿದೆ ಅಂತ ನಮ್ಮ ಸಾರಿಗೆ ಸಂಸ್ಥೆಯ ಡಾಕ್ಟರು ಬರೆದುಕೊಟ್ಟರೆ ಮತ್ತೆ ಬಸ್ಸು. ಇಲ್ಲವಾದರೆ ಕಾಯಂ ಆಗಿ ಆಫೀಸಿನ ಸಹಾಯಕಿ, ಮತ್ತೆಂದೂ ಸೀಟಿ ಊದುವ ಹಾಗಿಲ್ಲ. ನನ್ನ ಜೊತೆಯವರಿಗೆ ಇದರಲ್ಲಿ ದುಃಖ ಪಡುವುದೇನಿದೆ ಅಂತ ಅರ್ಥವಾಗಲಿಲ್ಲ. ನೆರಳಲ್ಲಿ ಕೂತು ತಿನ್ನುವ ಕೆಲಸ ಕೈಗೆ ಬಂದರೆ ಕಾಲಿಂದ ಒದೀತೀಯಲ್ಲ ಅಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಾದರೆ ನೀವೇ ಕೂತು ತಿನ್ನಿರಿ ಅಂದುಬಿಟ್ಟೆ.

ನಿಜ ಹೇಳಬೇಕೆಂದರೆ ನನಗೆ ಬಸ್ಸು ಬೇಕಿತ್ತು. ಮನೆಯಲ್ಲಿ ನಾನು ಒಬ್ಬರ ಸೊಸೆ, ಒಬ್ಬರ ಹೆಂಡತಿ, ಇನ್ನೊಬ್ಬರ ನಾದಿನಿ. ಬಸ್ಸಿನಲ್ಲಿ ಮಾತ್ರ ನಾನು ಸೀಟಿ ಊದಿದರೆ ಅಷ್ಟು ದೊಡ್ಡ ಗಾಡಿ ನಿಲ್ಲುತ್ತದೆ, ರೈಟ್ ಅಂದರೆ ಹೊರಡುತ್ತದೆ. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಬಂದ ಮೇಲಂತೂ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಗದ್ದಲದ ನಡುವೆ ನುಗ್ಗಿ ಸೊನ್ನೆ ಟಿಕೆಟ್ ಹರಿದು ಕೊಡುತ್ತಾ ಹೋಗುವುದು ನನಗೆ ಬಹಳ ಖುಷಿಯ ಕೆಲಸವಾಗಿತ್ತು.

ನೋವು ಶುರುವಾದದ್ದು ಒಂದು ನಾಣ್ಯದಿಂದ. ಗಬ್ಬೂರು ದಾಟಿದ ಮೇಲೆ ಯಾರದೋ ಕೈಯಿಂದ ಎರಡು ರೂಪಾಯಿ ಜಾರಿ ನನ್ನ ಕಾಲ ಬಳಿ ಬಿತ್ತು. ಎತ್ತಿಕೊಡಲು ಬಗ್ಗಿದವಳು ಮೇಲೇಳಲೇ ಇಲ್ಲ. ಬಗ್ಗಿದ ಹಾಗೇ ನಿಂತೆ, ಬಸ್ಸಿನವರೆಲ್ಲ ನನ್ನ ಬೆನ್ನನ್ನು ನೋಡಿದರು. ಆಮೇಲಿನ ಎರಡು ವರ್ಷ ಮಾಡದ ಉಪಾಯವಿಲ್ಲ. ಎಣ್ಣೆ ತಿಕ್ಕಿಸಿದೆ, ಬೆಲ್ಟ್ ಕಟ್ಟಿದೆ, ಹಲಗೆಯ ಮೇಲೆ ಮಲಗಿದೆ. ಕಾಲು ಮುಂದಾಗಿ ಹುಟ್ಟಿದವರು ಟೊಂಕಕ್ಕೆ ಒದ್ದರೆ ಉಳುಕು ಹೋಗುತ್ತದೆ ಅನ್ನುತ್ತಾರಲ್ಲ, ಹಾಗೆ ಹುಟ್ಟಿದ ಒಬ್ಬ ಹೆಣ್ಣುಮಗಳನ್ನು ಹಿರೇಕೊಟ್ನೆಕಲ್‌ವರೆಗೂ ಹುಡುಕಿಕೊಂಡು ಹೋಗಿ ಮೂರು ಒದೆ ತಿಂದು ಬಂದೆ. ಆಕೆ ಒದ್ದದ್ದು ಮನಸ್ಸಿಟ್ಟೇ ಒದ್ದಳು, ಅದರಲ್ಲಿ ನನಗೆ ದೂರಿಲ್ಲ.

ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದರೆ, ವಯಸ್ಸಿಗೆ ತಕ್ಕ ಸವಕಳಿ, ಹೆದರುವಂಥದ್ದೇನೂ ಇಲ್ಲ ಅಂದರು. ಅದು ಇನ್ನೂ ಕೆಟ್ಟದಾಯಿತು. ಕೈ ಮುರಿದವರಿಗೆ ತೋರಿಸಲು ಕಟ್ಟಾದರೂ ಇರುತ್ತದೆ. ನನಗೆ ಕೆಮ್ಮು ಬಂದರೆ ಟೊಂಕಕ್ಕೆ ಚೂರಿ ಹಾಕಿದಂತಾಗುತ್ತಿತ್ತು, ಗೋಡೆ ಹಿಡಿದುಕೊಂಡೇ ಕೆಮ್ಮುತ್ತಿದ್ದೆ. ಆದರೂ ನೋಡುವವರ ಕಣ್ಣಿಗೆ ನಾನು ಗಟ್ಟಿಮುಟ್ಟಾದ ಹೆಂಗಸು. ನಾಟಕ ಅನ್ನುವ ಮಾತು ಡಿಪೋದಲ್ಲಿ ನನ್ನ ಬೆನ್ನ ಹಿಂದೆ ಓಡಾಡಿ ನನ್ನ ಕಿವಿಗೂ ಬಂತು. ಅವತ್ತು ಮನೆಗೆ ಬಂದು ಬಚ್ಚಲಲ್ಲಿ ನಿಂತು ಅತ್ತೆ.

ಸಂಸ್ಥೆಯ ಡಾಕ್ಟರೇ ನನ್ನನ್ನು ರಾಯಚೂರಿನ ಒಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಪ್ರತಿ ಬುಧವಾರ, ಹನ್ನೆರಡು ವಾರ, ಹಳೆಯ ಟೊಂಕ ನೋವಿನವರನ್ನು ಗುಂಪಾಗಿ ಕೂಡಿಸಿ ಕಲಿಸುತ್ತಾರೆ, ಹೋಗಿ ಬನ್ನಿ ಅಂದರು. ಅಲ್ಲಿಂದ ಬರುವ ರಿಜಿಸ್ಟರಿನ ಪ್ರತಿ ನೋಡಿಯೇ ಬಸ್ಸೋ ಆಫೀಸೋ ತೀರ್ಮಾನ ಮಾಡುತ್ತೇನೆ ಅಂತಲೂ ಹೇಳಿದರು. ಕಲಿಸುವುದೇನು ಮಣ್ಣು, ಇದೇನು ಸಾಲಿ ಹುಡುಗರ ಡ್ರಿಲ್ಲೇ ಅಂತ ಒಳಗೊಳಗೇ ಕುದಿಯುತ್ತಾ ಮೊದಲ ಬುಧವಾರ ಹೋದೆ. ಬಸ್ಸಿನಲ್ಲಿ ದೇವದುರ್ಗದಿಂದ ರಾಯಚೂರಿನವರೆಗೆ ಮುಂದಿನ ಸೀಟಿನ ಸರಳು ಹಿಡಿದು ಕೂತಿದ್ದೆ.

ಮೇಲಿನ ಮಹಡಿಯ ದೊಡ್ಡ ಕೋಣೆ. ನೆಲಕ್ಕೆ ಚಾಪೆ, ಗೋಡೆಗುಂಟ ಕುರ್ಚಿ, ನಾವು ಒಂಬತ್ತು ಜನ. ಕಲಿಸುವವಳು ಮೈಸೂರು ಕಡೆಯ ಹುಡುಗಿ, ಫಿಸಿಯೋಥೆರಪಿ ಓದಿದವಳು, ನಮ್ಮ ಊರಿಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ನೋವಿಗೆ ಹತ್ತರೊಳಗೆ ಒಂದು ಅಂಕಿ ಹೇಳಿ ಅಂದಳು. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯಲಾರದಷ್ಟು. ನಾನು ಎಂಟು ಅಂದೆ. ಹೊಳೆದಂಡೆಯ ಗೂಗಲ್ ಅನ್ನುವ ಊರಿನಿಂದ ಬಂದಿದ್ದ ಒಬ್ಬ ಯವ್ವ, ಹತ್ತಿ ಬಿಡಿಸಿ ಕಳೆ ತೆಗೆದು ಟೊಂಕ ಬಗ್ಗಿಸಿಯೇ ಬಾಳಿದವಳು, ಹತ್ತರ ಮೇಲೆ ಇನ್ನೇನೂ ಇಲ್ಲವೇ ಅಂತ ಕೇಳಿದಳು.

ಮಾನ್ವಿಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಒಬ್ಬ ಚಾಚಾ ನನ್ನ ಪಕ್ಕದಲ್ಲಿದ್ದರು. ಬೆಳಿಗ್ಗೆ ಮಂಚದಿಂದ ಹೇಗೆ ಏಳುತ್ತೀರಿ ಅಂತ ಹುಡುಗಿ ಕೇಳಿದಾಗ ಅವರು ಹೇಳಿದರು: "ಮೊದ್ಲು ಮಗ್ಗಲಾ ಆಗ್ತೀನ್ರಿ. ಆಮ್ಯಾಲ ಮೊಣಕೈ ಊರ್ತೀನಿ. ಆಮ್ಯಾಲ ಅಲ್ಲೇ ಕುಂತು, ಈ ಟೊಂಕ ಇವತ್ತ ಏನಂತದ ನೋಡೂಣು ಅಂತ ಕಾಯ್ತೀನಿ. ಸೀನು ಬಂತಂದ್ರ ಓಡಿಹೋಗಿ ದರವಾಜಾ ಹಿಡೀತೀನಿ."

ಕೋಣೆಯಲ್ಲಿ ಎಲ್ಲರೂ ನಕ್ಕರು, ನನಗೆ ಅಳು ಬಂತು. ಎರಡು ವರ್ಷದಿಂದ ನಾನು ಪ್ರತಿ ಬೆಳಿಗ್ಗೆ ಮಾಡುತ್ತಿದ್ದದ್ದನ್ನೇ, ಯಾರಿಗೂ ಹೇಳದಿದ್ದದ್ದನ್ನೇ, ಪರಿಚಯವಿಲ್ಲದ ಈ ಮನುಷ್ಯ ಒಂದೊಂದಾಗಿ ಹೇಳುತ್ತಿದ್ದರು. ಇಲ್ಲಿ ಯಾರೂ ನನಗೆ ನಾಟಕ ಅನ್ನುವುದಿಲ್ಲ ಅಂತ ಗೊತ್ತಾದ ಕೂಡಲೇ ಬೆಲ್ಟ್ ಕೊಂಚ ಸಡಿಲು ಮಾಡಿಕೊಂಡೆ. ಡ್ರಿಲ್ಲಿನ ಮೇಲಿದ್ದ ಸಿಟ್ಟು ಮಾತ್ರ ಇನ್ನೆರಡು ವಾರ ಹಾಗೇ ಇತ್ತು.

ಹುಡುಗಿ ಹೇಳಿದ ಮಾತು ಬಹಳ ಸಣ್ಣದು. ನೋವು ಇದೆ ಅಂದರೆ ಒಳಗೆ ಏನೋ ಮುರಿದಿದೆ ಅಂತಲೇ ಅರ್ಥವಲ್ಲ. ಹೆದರಿ ಹೆದರಿ ಬಗ್ಗುವುದನ್ನೇ ಬಿಟ್ಟರೆ ಟೊಂಕಕ್ಕೆ ಬಗ್ಗುವುದು ಮರೆತೇಹೋಗುತ್ತದೆ. ಹಾಗಾಗಿ ಪ್ರತಿಯೊಬ್ಬರೂ ತಾವು ಬಿಟ್ಟುಕೊಟ್ಟ ಒಂದು ಕೆಲಸವನ್ನು ಆರಿಸಿಕೊಳ್ಳಬೇಕು, ಅದನ್ನು ಚೂರು ಚೂರಾಗಿ ವಾಪಸು ಪಡೆಯಬೇಕು. ಚಾಚಾ ನಾಲ್ಕು ವರ್ಷದಿಂದ ಕುರ್ಚಿಯ ಮೇಲೆ ಕೂತೇ ನಮಾಜು ಮಾಡುತ್ತಿದ್ದರು. ಹಣೆ ನೆಲಕ್ಕೆ ಮುಟ್ಟಿಸಬೇಕು ಅಂದರು. ಗೂಗಲ್ಲಿನ ಯವ್ವ ಹೊಳೆಗೆ ಇಳಿದು ಒಂದು ಕೊಡ ನೀರು ತರಬೇಕು ಅಂದಳು. ಮನೆಯಲ್ಲಿ ನಲ್ಲಿ ಇದೆಯಲ್ಲ ಅಂತ ಹುಡುಗಿ ಕೇಳಿದರೆ, ನಲ್ಲಿ ನೀರಿನಿಂದ ನಮ್ಮೂರ ಅಲ್ಲಮಪ್ರಭುವಿನ ಗುಡಿ ಮೆಟ್ಟಿಲು ತೊಳೆದರೆ ಆತ ಏನಂದಾನು ಅಂದಳು. ಪೋತ್ನಾಳದ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವನೊಬ್ಬ ಇದ್ದ. ಅವನಿಗೆ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಳ್ಳಬೇಕಿತ್ತು. ನಾನು ದೇವದುರ್ಗದಿಂದ ರಾಯಚೂರಿನವರೆಗೆ ಬಸ್ಸಿನಲ್ಲಿ ನಿಂತು ಬರಬೇಕು ಅಂದೆ.

ಶುರು ಮಾಡಿದೆವು. ಕುರ್ಚಿಯಿಂದ ಏಳು, ಕೂಡು. ನೆಲಕ್ಕೆ ಕೂಡು, ಏಳು. ನೆಲದ ಮೇಲೆ ಒಂದು ನಾಣ್ಯ ಇಟ್ಟು ಎತ್ತು ಅಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಎತ್ತಿದ್ದು ನಾಲ್ಕನೆಯ ವಾರ. ಕಂಟ್ರೋಲರ್ ಕೊಠಡಿಯಲ್ಲೂ ನಿಲ್ಲುವುದನ್ನು ಕಲಿತೆ. ಮಾನ್ವಿ ಬಸ್ಸು ಕೂಗಿದವಳು ಶಹಾಪುರದ ಬಸ್ಸು ಬರುವವರೆಗೆ ನಿಂತಿರುವುದು, ಆಮೇಲೆ ಕೂಡುವುದು. ಬುಧವಾರದ ಪ್ರಯಾಣದಲ್ಲೂ ಅಷ್ಟೇ. ರಾಯಚೂರು ಸಮೀಪಿಸಿದಾಗ ಎದ್ದು ನಿಲ್ಲುತ್ತಿದ್ದವಳು, ವಾರ ವಾರಕ್ಕೂ ಇನ್ನೂ ಹಿಂದಿನ ನಿಲ್ದಾಣದಿಂದಲೇ ಏಳತೊಡಗಿದೆ.

ಐದನೆಯ ವಾರದಲ್ಲಿ ಒಂದು ದಿನ ಮೈ ಎಷ್ಟು ಹಗುರವಾಗಿತ್ತೆಂದರೆ ಮನೆಯವರಿಗೆ ಇವತ್ತು ಬಹಳ ಚೊಲೋ ಅನಿಸುತ್ತಿದೆ ಅಂದೆ. ಅಂದವಳೇ ಮನೆಯಲ್ಲಿದ್ದ, ಹೊದೆಯುವ ನಾಲ್ಕು ದಪ್ಪ ಕೌದಿ ನೆನೆಹಾಕಿ ಒಗೆದು ಹಿಂಡಿ ಹರವಿದೆ. ನೀರು ಕುಡಿದ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಮರುದಿನದಿಂದ ಮೂರು ದಿನ ಹಾಸಿಗೆ. ಮುಂದಿನ ಬುಧವಾರ ಬಸ್ಸಿನ ಹಿಂದಿನ ಸೀಟಿನಲ್ಲಿ ಅಡ್ಡಾಗಿಯೇ ರಾಯಚೂರಿಗೆ ಹೋದೆ. ಹುಡುಗಿ ಬೈಯಲಿಲ್ಲ. ಒಂದು ಕೌದಿ ಒಗೆದು ನಿಲ್ಲಿಸಿದ್ದರೆ ಏನಾಗುತ್ತಿತ್ತು ಅಂತ ಕೇಳಿದಳು. ಅವತ್ತಿನಿಂದ ನಮ್ಮ ಗುಂಪಿನಲ್ಲಿ ಯಾರಾದರೂ ಹುರುಪಿಗೆ ಬಿದ್ದರೆ ಉಳಿದವರು ಒಂದೇ ಕೌದಿ, ಒಂದೇ ಕೌದಿ ಅನ್ನುತ್ತಿದ್ದರು.

ಆದರೆ ಹುಡುಗಿಗೆ ನಾವು ಹೇಳದ ಒಂದು ಮಾತಿತ್ತು. ನಾನು ಮಲಗಿದ್ದು ಕೌದಿಯ ಭಾರಕ್ಕಲ್ಲ, ಚೊಲೋ ಅನಿಸುತ್ತಿದೆ ಅಂತ ಬಾಯಿ ಬಿಟ್ಟದ್ದಕ್ಕೆ ಅಂತ ಗೂಗಲ್ಲಿನ ಯವ್ವ ತೀರ್ಪು ಕೊಟ್ಟಿದ್ದಳು. ಅದಕ್ಕೆ ಸಾಕ್ಷಿಯೂ ಇತ್ತು. ಮೂರನೆಯ ವಾರ ಪೋತ್ನಾಳದವನು ಎಲ್ಲರ ಮುಂದೆ ಎಂಟು ಇದ್ದದ್ದು ನಾಲ್ಕಕ್ಕೆ ಇಳಿದಿದೆ ಅಂತ ಎದೆಯುಬ್ಬಿಸಿ ಹೇಳಿದ್ದ. ಮರುದಿನವೇ ಗಿರಣಿಯ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದ.

ನಮ್ಮ ಕಡೆ ಚೊಲೋ ಆದದ್ದನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಕೂಸು ಗುಂಡಗುಂಡಗಿದ್ದರೂ ಸೊರಗಿದೆ ಅನ್ನಬೇಕು. ಹತ್ತಿ ಹೊಲದ ತುಂಬ ಬೆಳ್ಳಗೆ ಒಡೆದಿದ್ದರೂ ಏನೋ ಬಂದಿದೆ ಅನ್ನಬೇಕು. ಹೇಳಿದರೆ ನೆದರಾಗುತ್ತದೆ, ನಾಲ್ಕು ಜನರ ಕಣ್ಣು ಬೀಳುತ್ತದೆ. ಚಾಚಾನ ಮನೆಯಲ್ಲಿ ಅದಕ್ಕೆ ನಜರ್ ಅನ್ನುತ್ತಾರೆ. ಅವರೂ ನಮ್ಮಂತೆಯೇ ಉಪ್ಪು, ಒಣಮೆಣಸಿನಕಾಯಿ ಇಳಿದೆಗೆದು ಬೆಂಕಿಗೆ ಹಾಕುತ್ತಾರೆ. ಘಾಟು ಏಳದಿದ್ದರೆ ನೆದರು ಇತ್ತು, ಅದನ್ನು ಮೆಣಸಿನಕಾಯಿ ತಿಂದಿತು ಅಂತ ಲೆಕ್ಕ. ಕೆಮ್ಮು ಬರುವಷ್ಟು ಘಾಟು ಎದ್ದರೆ ನೆದರೇ ಇರಲಿಲ್ಲ ಅಂತ.

ಹೀಗಾಗಿ ಆರನೆಯ ವಾರದಿಂದ ನಮ್ಮೆಲ್ಲರ ಬಾಯಿಗೆ ಬೀಗ ಬಿತ್ತು. ಹುಡುಗಿ ರಿಜಿಸ್ಟರ್ ತೆರೆದು ಇವತ್ತು ಎಷ್ಟು ಅಂತ ಕೇಳುವಳು. "ಹಂಗೇ ಅದ ನೋಡ್ರಿ ಮೇಡಂ, ಏಳು ಬರ್ಕೋರಿ," ಅನ್ನುವೆವು. ಯವ್ವ ಎಂಟು ಅನ್ನುವಳು. ಏಳನೆಯ ವಾರಕ್ಕೆ ಚಾಚಾ ಹಣೆ ನೆಲಕ್ಕೆ ಮುಟ್ಟಿಸಿದ್ದರು. ಅದನ್ನು ನನ್ನ ಕಿವಿಯಲ್ಲಿ ಹೇಳಿ, ಹುಡುಗಿಗೆ ಏಳು ಅಂದರು. ಒಂಬತ್ತನೆಯ ವಾರ ಗಬ್ಬೂರಿನಿಂದ ರಾಯಚೂರಿನವರೆಗೆ ನಿಂತು ಬಂದ ನಾನೂ ಏಳು ಅಂದೆ. ನೋವು ಪೂರ್ತಿ ಹೋಗಿತ್ತು ಅಂತಲ್ಲ. ಇತ್ತು, ಆದರೆ ಈಗ ಅದು ಮನೆಯ ಯಜಮಾನಿಯಾಗಿರಲಿಲ್ಲ, ಮೂಲೆಯಲ್ಲಿ ಕೂತು ಗೊಣಗುವ ನೆಂಟಳಾಗಿತ್ತು. ಹುಡುಗಿಯ ಮುಖ ಮಾತ್ರ ವಾರ ವಾರಕ್ಕೂ ಇಳಿಯುತ್ತಿತ್ತು. ನಾವು ಅದನ್ನು ನೋಡಿದೆವು, ಆದರೂ ಹೇಳಲಿಲ್ಲ.

ಹನ್ನೊಂದನೆಯ ವಾರ ದೇವದುರ್ಗದಿಂದ ರಾಯಚೂರಿನವರೆಗೆ ಇಡೀ ದಾರಿ ನಿಂತೆ. ಸರಳು ಹಿಡಿಯಲಿಲ್ಲ, ಸೀಟಿಗೆ ಒರಗಲಿಲ್ಲ. ರಾಯಚೂರಿನಲ್ಲಿ ಇಳಿದಾಗ ಹೊಟ್ಟೆಯೊಳಗಿಂದ ನಗು ಉಕ್ಕಿ ಬರುತ್ತಿತ್ತು. ಆಸ್ಪತ್ರೆಗೆ ಹೋಗಿ ಏಳು ಅಂದೆ.

ಎರಡು ದಿನ ಬಿಟ್ಟು ಡಿಪೋ ಮ್ಯಾನೇಜರ್ ಕರೆಸಿದರು. ಆಸ್ಪತ್ರೆಯಿಂದ ರಿಜಿಸ್ಟರಿನ ಪ್ರತಿ ಬಂದಿತ್ತು. ಸಂಸ್ಥೆಯ ಡಾಕ್ಟರು ಅದರ ಮೇಲೆ, ಸುಧಾರಣೆ ಇಲ್ಲ, ಬಸ್ಸಿನ ಕೆಲಸಕ್ಕೆ ಯೋಗ್ಯರಲ್ಲ ಅಂತ ಬರೆದಿದ್ದರು. ಬೇರೆ ಕೆಲಸಕ್ಕೆ ಒಪ್ಪಿದ್ದೇನೆ ಅಂತ ಸಹಿ ಮಾಡಬೇಕಾದ ಕಾಗದ ಮೇಜಿನ ಮೇಲಿತ್ತು. ನಾನು ಉರಿದುಬಿದ್ದೆ. ಮೊನ್ನೆ ಇಡೀ ದಾರಿ ನಿಂತು ಹೋಗಿದ್ದೇನೆ, ಯಾರು ಹೇಳಿದ್ದು ಸುಧಾರಣೆ ಇಲ್ಲ ಅಂತ, ಕರೆಯಿರಿ ಅವರನ್ನು ಅಂದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ. ಕಾಗದವನ್ನು ನನ್ನ ಕಡೆ ತಿರುಗಿಸಿದರು.

"ಎಂಟು, ಎಂಟು, ಏಳು, ಏಳು, ಏಳು. ಇದನ್ನ ಯಾರು ಹೇಳ್ಯಾರ್ರಿ ಅಕ್ಕಾರ?"

ಯಾರು ಅನ್ನಲಿ? ನನ್ನ ಬಾಯೇ ನನಗೆ ವೈರಿಯಾಗಿತ್ತು. ನೆದರಿಗೆ ಹೆದರಿ ಮುಚ್ಚಿಟ್ಟ ಟೊಂಕವನ್ನು ನಾನೇ ಕೈಯಾರೆ ಕುರ್ಚಿಗೆ ಕಟ್ಟಿದ್ದೆ. ಮುಂದಿನ ಶುಕ್ರವಾರ ಗಡುವು ಮುಗಿಯುತ್ತದೆ, ಅಷ್ಟರೊಳಗೆ ಡಾಕ್ಟರ ಹತ್ತಿರ ಹೊಸ ಮಾತು ತಂದರೆ ಸರಿ ಅಂದರು ಮ್ಯಾನೇಜರ್. ಹೊರಗೆ ಬಂದು ಮೈಕಿನ ಮುಂದೆ ಕೂತು ರಾಯಚೂರಿನ ಬಸ್ಸು ಹೊರಟಿದೆ ಅಂತ ಕೂಗಿದೆ.

ಕೊನೆಯ ಬುಧವಾರ ಹೋದವಳೇ ಗುಂಪಿನ ನಡುವೆ ಎಲ್ಲ ಹೇಳಿಬಿಟ್ಟೆ. ಬಸ್ಸು, ಕಾಗದ, ಶುಕ್ರವಾರ. ಹುಡುಗಿ ರಿಜಿಸ್ಟರ್ ಮುಚ್ಚಿದಳು. ನಾವು ನೋವು ನುಂಗಿಕೊಂಡೇ ಏಳುತ್ತೇವೆ, ಬಗ್ಗುತ್ತೇವೆ ಅಂದುಕೊಂಡು, ಹನ್ನೊಂದು ವಾರ ತಾನು ಕಲಿಸಿದ್ದು ಯಾರಿಗೂ ಉಪಯೋಗವಾಗಲಿಲ್ಲ ಅಂತ ನಂಬಿದ್ದಳು ಆಕೆ. ಈ ಗುಂಪಿನ ನಂತರ ಇದನ್ನು ಮುಂದುವರಿಸುವುದು ಬೇಡ ಅಂತ ತಾನೇ ಆಸ್ಪತ್ರೆಯ ಹಿರಿಯರಿಗೆ ಬರೆಯುವವಳಿದ್ದಳಂತೆ.

"ನಂಗ್ಯಾಕೆ ಸುಳ್ಳು ಹೇಳಿದ್ರಿ?" ಅಂದಳು. ಸಿಟ್ಟಿನಲ್ಲಿ ಅಂದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಆಕೆಯ ಕಣ್ಣಲ್ಲಿ ನೀರಿತ್ತು.

ಸುಳ್ಳಲ್ಲ, ಮರ್ಯಾದೆ ಅಂತ ಚಾಚಾ ವಿವರಿಸಲು ಹೊರಟರು, ನಡುವೆಯೇ ನಿಲ್ಲಿಸಿದರು. ನೆದರಿನ ವಿಷಯ ನಾನೇ ಹೇಳಿದೆ. ಹೇಳುತ್ತಾ ಹೋದಂತೆ ಅದು ಎಷ್ಟು ಪೆದ್ದುತನವಾಗಿ ಕೇಳಿಸುತ್ತಿದೆ ಅಂತ ನನಗೇ ನಾಚಿಕೆಯಾಯಿತು. ಆದರೂ ಹುಡುಗಿ ಪೆನ್ನು ಹಿಡಿದು, ಹಾಗಾದರೆ ಈಗ ನಿಜ ಹೇಳಿ ಅಂದಾಗ ಒಬ್ಬರ ಬಾಯೂ ತೆರೆಯಲಿಲ್ಲ. ನನ್ನದೂ ಇಲ್ಲ. ಬಸ್ಸು ಕಣ್ಣ ಮುಂದೆಯೇ ಹೊರಟುಹೋಗುತ್ತಿತ್ತು.

ಆಗ ಗೂಗಲ್ಲಿನ ಯವ್ವ ಎದ್ದು ನಿಂತಳು. ಹನ್ನೆರಡು ವಾರದ ಹಿಂದೆ ಇಬ್ಬರು ಹಿಡಿದು ಎಬ್ಬಿಸುತ್ತಿದ್ದ ಹೆಂಗಸು ಚಾಪೆಗೆ ಒಂದು ಕೈಯನ್ನೂ ಊರದೆ ಎದ್ದಳು.

"ಹೇಳೂಣು," ಅಂದಳು. "ಬರೇ ಬಾಯಿಲೆ ಯಾಕ ಹೇಳೂದು? ಮೊದ್ಲು ನೆದರು ತಗೀತೀನಿ, ಆಮ್ಯಾಲ ಹೇಳೂಣು. ಏಳ್ರಿ ಎಲ್ಲಾರು."

ಅವಳ ಚೀಲದಲ್ಲಿ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಮನೆಗೆಂದು ಕೊಂಡ ಒಣಮೆಣಸಿನಕಾಯಿ ಇತ್ತು, ರೊಟ್ಟಿ ಗಂಟಿನಲ್ಲಿ ಉಪ್ಪಿತ್ತು. ಆಸ್ಪತ್ರೆಯೊಳಗೆ ಬೆಂಕಿ ಹಚ್ಚುವ ಹಾಗಿಲ್ಲ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಇದ್ದಿಲ ಒಲೆ ಇಟ್ಟು ಮೆಕ್ಕೆಜೋಳದ ತೆನೆ ಸುಡುತ್ತಿದ್ದಳು. ಒಂಬತ್ತು ಜನ ಟೊಂಕದವರು ಮೆಟ್ಟಿಲಿಳಿದು ಸಾಲಾಗಿ ಅಲ್ಲಿಗೆ ಹೋದೆವು. ಹುಡುಗಿಯೂ ಬಂದಳು, ಬಿಳಿ ಕೋಟಿನಲ್ಲೇ. ನಿನಗೂ ಕಣ್ಣು ಬಿದ್ದಿದೆ ಅಂತ ಯವ್ವ ಅವಳನ್ನೂ ನಮ್ಮ ನಡುವೆ ನಿಲ್ಲಿಸಿದಳು.

ಯವ್ವ ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಮ್ಮೆಲ್ಲರ ಸುತ್ತ ಮೂರು ಸುತ್ತು ಬಂದಳು. ಡಿಪೋದವರ ಕಣ್ಣು, ಗಿರಣಿಯವರ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು, ಎಲ್ಲ ಸುಟ್ಟುಹೋಗಲಿ ಅಂದು ತೆನೆಯವಳು ಬೇಡ ಬೇಡ ಅನ್ನುತ್ತಿದ್ದಂತೆಯೇ ಮುಷ್ಟಿಯಲ್ಲಿದ್ದುದನ್ನೆಲ್ಲ ಕೆಂಡಕ್ಕೆ ಹಾಕಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಘಾಟು ಎದ್ದಿತು. ನಮ್ಮ ಕಡೆಯ ಮೆಣಸಿನಕಾಯಿ, ಕೇಳಬೇಕೇ? ಮೊದಲು ಚಾಚಾ ಕೆಮ್ಮಿದರು. ಆಮೇಲೆ ಪೋತ್ನಾಳದವನು, ಆಮೇಲೆ ನಾನು, ಆಮೇಲೆ ಎಲ್ಲರೂ. ಮೊಣಕಾಲ ಮೇಲೆ ಕೈಯಿಟ್ಟು, ಬಗ್ಗಿ, ಕಣ್ಣೀರು ಸುರಿಸುತ್ತಾ ಕೆಮ್ಮಿದೆವು. ಚಾಚಾ ನಾಲ್ಕು ಸಲ ಸೀನಿದರು. ಗೇಟಿನ ಕಾವಲುಗಾರ ಬೈಯುತ್ತಾ ಬಂದವನು ತಾನೂ ಕೆಮ್ಮುತ್ತಾ ವಾಪಸು ಹೋದ. ತೆನೆಯವಳು ನಮ್ಮ ಮನೆತನವನ್ನೆಲ್ಲ ಉದ್ಧಾರ ಮಾಡುತ್ತಾ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

ಹುಡುಗಿ ಒಬ್ಬಳೇ ಕೆಮ್ಮಿನ ನಡುವೆಯೂ ನಮ್ಮನ್ನು ನೋಡುತ್ತಿದ್ದಳು. ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಒರೆಸಿಕೊಂಡಷ್ಟೂ ನೀರಿಳಿಯುವ ಕಣ್ಣಿನಿಂದಲೇ ಹೇಳಿದಳು: "ಯಾರೂ ಸೊಂಟ ಹಿಡ್ಕೊಳ್ಲೇ ಇಲ್ಲ."

ಆಗ ನಮಗೂ ತಿಳಿಯಿತು. ಗೋಡೆ ಹಿಡಿಯದೆ ಕೆಮ್ಮಲಾರದವಳು ನಾನು, ಬಾಗಿಲು ಹಿಡಿಯದೆ ಸೀನಲಾರದವರು ಚಾಚಾ. ಬಟಾಬಯಲಿನಲ್ಲಿ ನಿಂತು ಕರುಳು ಕಿತ್ತುಬರುವಂತೆ ಕೆಮ್ಮಿದ್ದೆವು, ಒಬ್ಬರ ಕೈಯೂ ಬೆನ್ನಿಗೆ ಹೋಗಿರಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದೆವು. ನಗುವುದಕ್ಕೂ ಟೊಂಕ ಅಡ್ಡಬರಲಿಲ್ಲ. ಇಷ್ಟು ಘಾಟು ಎದ್ದ ಮೇಲೆ ನೆದರಿನ ಮಾತೇ ಇಲ್ಲ, ಈಗ ಹೇಳಿರಿ ಅಂತ ಯವ್ವ ಅಪ್ಪಣೆ ಕೊಟ್ಟಳು. ತಾನೇ ಮೊದಲು ಹೇಳಿದಳು: ಮೂರು, ಹೊಳೆಯಿಂದ ಒಂದು ಕೊಡ ತಂದು ಹದಿನೈದು ದಿನವಾಯಿತು. ಚಾಚಾ ಎರಡು ಅಂದರು. ಪೋತ್ನಾಳದವನು ಮೂರು, ಮಗಳು ಇಳಿಯಲು ಒಲ್ಲೆ ಅನ್ನುತ್ತಾಳೆ ಅಂದ. ಹುಡುಗಿ ಬೇವಿನ ಮರಕ್ಕೆ ರಿಜಿಸ್ಟರ್ ಒರಗಿಸಿಕೊಂಡು ಬರೆದಳು. ನನ್ನ ಸರದಿ ಬಂದಾಗ ನಾನೂ ಎರಡು ಅಂದೆ. ಅಂದ ಮೇಲೆ ಭಯವಾಯಿತು, ಆದರೆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಹಳೆಯ ಅಂಕಿಗಳನ್ನು ತಿದ್ದಲಾರೆ ಅಂದಳು ಹುಡುಗಿ, ಅದು ಸರಿಯೂ ಹೌದು. ಅವತ್ತೇ ಒಳಗೆ ಕರೆದುಕೊಂಡು ಹೋಗಿ ನನ್ನನ್ನು ಕೂಡಿಸಿ, ಎಬ್ಬಿಸಿ, ಬಗ್ಗಿಸಿ, ನಿಲ್ಲಿಸಿ, ಮೊದಲ ವಾರ ಎಷ್ಟಾಗಿತ್ತು, ಇವತ್ತು ಎಷ್ಟಾಯಿತು ಅಂತ ಎರಡು ಪುಟ ಬರೆದುಕೊಟ್ಟಳು.

ಆ ಕಾಗದ ಹಿಡಿದು ಶುಕ್ರವಾರ ಸಂಸ್ಥೆಯ ಡಾಕ್ಟರ ಮುಂದೆ ನಿಂತೆ. ಹನ್ನೊಂದು ವಾರ ಏಳು ಎಂಟು ಅಂದವರಿಗೆ ಒಮ್ಮೆಲೇ ಎರಡು ಹೇಗಾಯಿತು ಅಂತ ಕೇಳಿದರು. ನೆದರಿಗೆ ಹೆದರಿ ಹೇಳಲಿಲ್ಲ ಅಂದೆ. ಓದಿದವರಲ್ಲವೇ, ಇದನ್ನೆಲ್ಲ ನಂಬುತ್ತೀರಾ ಅಂತ ನಕ್ಕರು. ನನ್ನ ಸಿಟ್ಟು ಮೂಗಿನ ತುದಿಗೆ ಬಂತು.

"ನಿಮ್ಮ ಬಾಗಿಲಿಗೂ ಲಿಂಬಿಹಣ್ಣು ಮೆಣಸಿನಕಾಯಿ ಕಟ್ಟೀರಲ್ರಿ ಸಾಹೇಬ್ರ," ಅಂದೆ.

ಡಾಕ್ಟರು ಬಾಗಿಲ ಕಡೆ ನೋಡಿದರು. ಸರಿ, ಅಲ್ಲೇ ನಿಂತಿರಿ, ಹೊರಗಿರುವ ರೋಗಿಗಳನ್ನೆಲ್ಲ ನೋಡಿ ಮುಗಿಸುತ್ತೇನೆ ಅಂದರು. ಮೂಲೆಯಲ್ಲಿ ಖಾಲಿ ಕುರ್ಚಿ ಇತ್ತು. ನಾನು ಕೂಡಲಿಲ್ಲ, ಗೋಡೆಗೆ ಒರಗಲಿಲ್ಲ. ಬಸ್ಸು ದೇವದುರ್ಗ ಬಿಟ್ಟಿತು, ಈಗ ಗಬ್ಬೂರು ಬಂತು, ಈಗ ರಾಯಚೂರಿನ ಹೊಲ ಕಾಣುತ್ತಿದೆ ಅಂತ ಮನಸ್ಸಿನಲ್ಲೇ ರೂಟ್ ಓಡಿಸುತ್ತಾ ನಿಂತೆ. ಕೊನೆಯ ರೋಗಿ ಹೋದ ಮೇಲೆ ಡಾಕ್ಟರು ತಮ್ಮ ಪೆನ್ನನ್ನು ನೆಲಕ್ಕೆ ಹಾಕಿದರು. ಬಗ್ಗಿ ಎತ್ತಿಕೊಟ್ಟೆ.

ಈಗ ಎಷ್ಟು ಅಂತ ಕೇಳಿದರು. ಅಲ್ಲಿ ಯವ್ವ ಇರಲಿಲ್ಲ, ಕೆಂಡ ಇರಲಿಲ್ಲ. ಹಾಗೇ ಇದೆ ಅನ್ನುವ ಮಾತು ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿ ಎರಡು ಅಂದೆ. ನಾನು ಎತ್ತಿಕೊಟ್ಟ ಪೆನ್ನಿನಿಂದಲೇ ಅವರು ಯೋಗ್ಯ ಅಂತ ಬರೆದರು.

ಸೋಮವಾರ ಬೆಳಿಗ್ಗೆ ಖಾಕಿ ಉಟ್ಟು ದೇವದುರ್ಗದ ನಿಲ್ದಾಣಕ್ಕೆ ಬಂದೆ. ಮೈಕಿನ ಮುಂದೆ ಬೇರೆ ಯಾರೋ ಕೂತಿದ್ದರು. ರಾಯಚೂರಿನ ಬಸ್ಸು ಹೊರಡಲು ಸಿದ್ಧವಾಗಿದೆ ಅಂತ ಕೂಗಿದರು. ಈ ಸಲ ಅದು ನನ್ನ ಬಸ್ಸು. ಒಳಗೆ ಕಾಲಿಡಲು ಜಾಗವಿರಲಿಲ್ಲ. ನಾಟಕ ಅಂದಿದ್ದವರಲ್ಲಿ ಇಬ್ಬರು ಮುಂದಿನ ಬಾಗಿಲ ಬಳಿಯೇ ನಿಂತಿದ್ದರು. ನಾನು ಅವರ ನಡುವೆಯೇ ನುಗ್ಗಿ ಟಿಕೆಟ್ ಕೊಡುತ್ತಾ ಹಿಂದಕ್ಕೆ ಹೋದೆ.

ಹಿಂದಿನ ಬಾಗಿಲಲ್ಲಿ ಗೂಗಲ್ಲಿನ ಯವ್ವ ಹತ್ತಿದಳು. ರಾಯಚೂರಿನಲ್ಲಿ ಅವಳಿಗೆ ಅವತ್ತು ಏನೂ ಕೆಲಸವಿರಲಿಲ್ಲ, ಅದು ನನಗೂ ಗೊತ್ತಿತ್ತು. ಸೊನ್ನೆ ಟಿಕೆಟ್ ಹರಿದು ಕೊಟ್ಟೆ. ಟಿಕೆಟನ್ನು ಸೆರಗಿಗೆ ಕಟ್ಟಿಕೊಂಡು, ಇಡೀ ಬಸ್ಸಿಗೆ ಕೇಳುವಂತೆ ಕೇಳಿದಳು: "ಹೆಂಗದವ್ವಾ ಟೊಂಕ?"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಷ್ಟೊಂದು ಕಣ್ಣು.

"ಗಟ್ಟಿ ಆಗ್ಯಾದ ಯವ್ವಾ," ಅಂದೆ. ಮೈಕಿನಲ್ಲಿ ಕೂಗಿ ಕೂಗಿ ಪಳಗಿದ ದನಿ, ಡ್ರೈವರನವರೆಗೂ ಹೋಯಿತು. "ಪೂರಾ ಗಟ್ಟಿ ಆಗ್ಯಾದ."

ಯವ್ವ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ತನ್ನ ಕಣತಲೆಗೆ ಒತ್ತಿ ಬೆರಳು ಮುರಿದಳು. ಹತ್ತೂ ಬೆರಳು ಲಟಲಟ ಅಂದವು. ನಾನು ಸೀಟಿ ಊದಿ ರೈಟ್ ಅಂದೆ, ಬಸ್ಸು ಹೊರಟಿತು.